ಎಐ ಕೇಳಿದರೆ ನಮ್ಮ ಬೆಲ್ಲದ ಹೆಸರೇ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಮಾವ ಬೆಲ್ಲ ಮಾಡಿಸುತ್ತಾರೆ, ನಾನು ಎರಡು ವರ್ಷದಿಂದ ಸ್ವಂತ ವೆಬ್‌ಸೈಟ್‌ನಲ್ಲಿ ಮಾರುತ್ತಿದ್ದೇನೆ. ಅಚ್ಚು ಬೆಲ್ಲ, ಪುಡಿ ಬೆಲ್ಲ, ಜೋನಿ ಬೆಲ್ಲ ಮೂರೂ ಇವೆ. ಒಮ್ಮೆ ತೆಗೆದುಕೊಂಡವರು ಮತ್ತೆ ಬರುತ್ತಾರೆ. ಆದರೆ ಹೊಸಬರು ಈಗ ಚಾಟ್‌ಜಿಪಿಟಿ, ಜೆಮಿನಿಯನ್ನು ಕೇಳಿ ಕೊಳ್ಳುತ್ತಾರಂತೆ. ನಾನೇ "ಕೆಮಿಕಲ್ ಇಲ್ಲದ ಮಂಡ್ಯ ಬೆಲ್ಲ ಎಲ್ಲಿ ಸಿಗುತ್ತೆ" ಎಂದು ಕೇಳಿ ನೋಡಿದೆ. ಬೇರೆ ರಾಜ್ಯದ ಬ್ರ್ಯಾಂಡ್ ಹೇಳಿತು, ನಮ್ಮ ಹೆಸರೇ ಇಲ್ಲ. ಒಬ್ಬರು "ಎಐನಲ್ಲಿ ಮೊದಲ ಸ್ಥಾನ ಗ್ಯಾರಂಟಿ" ಎಂದು 35 ಸಾವಿರ ಕೇಳುತ್ತಿದ್ದಾರೆ. ಕೊಡಲಾ?

ಉತ್ತರ: ಕೊಡಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರ ಕೈಯಲ್ಲೂ ಇಲ್ಲ. ಒಂದೇ ಪ್ರಶ್ನೆಯನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೇಳಿ ನೋಡಿ, ಉತ್ತರವೇ ಬೇರೆ ಇರುತ್ತದೆ. ಸ್ಥಾನವೇ ನಿಲ್ಲದ ಕಡೆ ಮೊದಲ ಸ್ಥಾನ ಮಾರುವುದು ಹೇಗೆ? ಆ ದುಡ್ಡಿನಲ್ಲಿ ಒಂದಿಷ್ಟು ಒಳ್ಳೆ ಫೋಟೊ ತೆಗೆಸಿ, ಬೆಲ್ಲದ ಲ್ಯಾಬ್ ಪರೀಕ್ಷೆ ಮಾಡಿಸಿ. ಉಳಿದ ಕೆಲಸ ನೀವೇ ಮಾಡಬಹುದು. ನಾನು ಮೈಸೂರಿನಲ್ಲಿ ಸಣ್ಣ ವ್ಯಾಪಾರಿಗಳ ಆನ್‌ಲೈನ್ ಅಂಗಡಿಗಳನ್ನು ನೋಡಿಕೊಳ್ಳುವವನು. ನೀವು ಕಳಿಸಿದ ಲಿಂಕ್ ತೆರೆದು ಪುಟವನ್ನು ಪೂರ್ತಿ ಓದಿದ್ದೇನೆ. ಕಂಡದ್ದನ್ನು ನೇರವಾಗಿ ಹೇಳುತ್ತೇನೆ.

ನಿಮ್ಮ ಅಚ್ಚು ಬೆಲ್ಲದ ಪುಟದಲ್ಲಿ ಇರುವುದು ಇಷ್ಟು: "ಪ್ರೀಮಿಯಂ ಶುದ್ಧ ಬೆಲ್ಲ, ಬೆಸ್ಟ್ ಕ್ವಾಲಿಟಿ. ಪ್ರಕೃತಿಯ ಮಡಿಲಿನಿಂದ ನಿಮ್ಮ ಮನೆಗೆ. ಅಜ್ಜಿ ಕಾಲದ ರುಚಿ." ಕೆಳಗೆ ಪ್ಯಾಕೆಟ್‌ನ ಎರಡು ಫೋಟೊ, ಬೆಲೆ, ಕೊಳ್ಳುವ ಗುಂಡಿ. ಓದಲು ಚೆನ್ನಾಗಿದೆ. ಆದರೆ ಇದರಲ್ಲಿ ಬೆಲ್ಲದ ಬಗ್ಗೆ ಒಂದೂ ಸಂಗತಿ ಇಲ್ಲ, ಅಲ್ವಾ? ಬೆಲ್ಲ ಅನ್ನುವ ಪದ ತೆಗೆದು ತುಪ್ಪ ಅಂತ ಹಾಕಿದರೂ ಪುಟ ಹಾಗೇ ನಡೆಯುತ್ತದೆ.

ಈಗ ಕೊಳ್ಳುವವರ ಕಡೆಯಿಂದ ನೋಡಿ. ಹಿಂದೆ ಗೂಗಲ್‌ನಲ್ಲಿ "ಬೆಲ್ಲ 1 ಕೆಜಿ" ಎಂದು ಹುಡುಕುತ್ತಿದ್ದರು. ಈಗ ಚಾಟ್‌ಜಿಪಿಟಿಯಂಥ ಎಐ ಸಹಾಯಕನ ಹತ್ತಿರ ಮಾತಾಡಿದ ಹಾಗೆ ಕೇಳುತ್ತಾರೆ: "ಯುಗಾದಿಗೆ ಹೋಳಿಗೆ ಮಾಡಬೇಕು, ಬಿಳಿ ಬೆಲ್ಲ ಬೇಡ, 2 ಕೆಜಿ ಬೇಕು, 400 ರೂಪಾಯಿ ಒಳಗಿರಲಿ, ಶುಕ್ರವಾರದೊಳಗೆ ಬೆಂಗಳೂರಿಗೆ ಬರಬೇಕು." ಸಹಾಯಕ ಈ ಮಾತನ್ನು ತುಂಡು ತುಂಡು ಮಾಡುತ್ತದೆ. ಹೋಳಿಗೆಗೆ ಆಗುತ್ತದೆಯೇ? ಬಣ್ಣ ಯಾವುದು? ತೂಕ ಎಷ್ಟು? ಬೆಲೆ ಎಷ್ಟು? ಯಾವಾಗ ತಲುಪುತ್ತದೆ? ಒಂದೊಂದಕ್ಕೂ ಬೇರೆ ಬೇರೆ ಹುಡುಕಿ, ಸಿಕ್ಕ ಪುಟಗಳಲ್ಲಿ ಉತ್ತರ ನೋಡುತ್ತದೆ. ಐದು ಪ್ರಶ್ನೆಯಲ್ಲಿ ನಾಲ್ಕಕ್ಕೆ ಉತ್ತರ ಇರುವ ಪುಟವನ್ನು ಹೇಳಲು ಅದಕ್ಕೆ ಧೈರ್ಯ ಬರುತ್ತದೆ. ನಿಮ್ಮ ಪುಟದಲ್ಲಿ ಬೆಲೆ ಒಂದಕ್ಕೆ ಮಾತ್ರ ಉತ್ತರ ಇದೆ. ತೂಕ ಕೂಡ ಫೋಟೊದಲ್ಲಿದೆ, ಅಕ್ಷರದಲ್ಲಿ ಇಲ್ಲ.

ಅದೇ ಪ್ರಶ್ನೆಯನ್ನು ಒಬ್ಬ ಗಿರಾಕಿ ಆಲೆಮನೆಗೇ ಬಂದು ನಿಮ್ಮ ಮಾವನವರನ್ನು ಕೇಳಿದರೆ? ಐದು ನಿಮಿಷ ಮಾತಾಡುತ್ತಾರೆ. "ಹೂರಣಕ್ಕೆ ಇದು ತಗೊಳ್ಳಿ, ಚೆನ್ನಾಗಿ ಕರಗುತ್ತೆ. ಕಪ್ಪಗಿದೆ ಅಂತ ಯೋಚನೆ ಮಾಡಬೇಡಿ, ಬಣ್ಣ ತಿಳಿ ಮಾಡೋ ಹೈಡ್ರೋಸ್ ಪುಡಿ ಹಾಕಿಲ್ಲ, ಅದಕ್ಕೇ ಈ ಬಣ್ಣ. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಬಿಗಿಯಾಗಿ ಹಾಕಿ." ನಿಮ್ಮ ಅಂಗಡಿಯ ನಿಜವಾದ ವಿವರಣೆ ಅದು. ಅದು ಬಾಯಲ್ಲಿದೆ, ಪುಟಕ್ಕೆ ಬಂದಿಲ್ಲ. ನಾನು ಹೇಳಬೇಕಾದದ್ದೆಲ್ಲ ಇಷ್ಟರಲ್ಲೇ ಇದೆ: ಆಲೆಮನೆಯಲ್ಲಿ ನಿಂತು ಹೇಳುವುದನ್ನು ಪುಟದಲ್ಲಿ ಬರೆಯಿರಿ.

ಮೊದಲು ಹೆಸರು. ನಾನಾದರೆ ಹೀಗೆ ಇಡುತ್ತೇನೆ: "ಮಂಡ್ಯದ ಅಚ್ಚು ಬೆಲ್ಲ, ಹೈಡ್ರೋಸ್ ಹಾಕದ್ದು, ಗಾಢ ಕಂದು ಬಣ್ಣ, 1 ಕೆಜಿ." ಸರಕು ಯಾವುದು, ಎಲ್ಲಿಯದು, ಏನು ವಿಶೇಷ, ಎಷ್ಟು ತೂಕ, ನಾಲ್ಕೂ ಬಂತು. ಅಂಗಡಿಯವರು ತಮ್ಮ ಸರಕಿನ ಪಟ್ಟಿ ಕೊಡುವ ಗೂಗಲ್ ಮರ್ಚೆಂಟ್ ಸೆಂಟರ್‌ನಲ್ಲಿ ಹೆಸರಿಗೆ 150 ಅಕ್ಷರದ ಮಿತಿ ಇದೆ. ಅಷ್ಟೂ ತುಂಬಿಸಬೇಕೆಂದಿಲ್ಲ, ಮುಖ್ಯವಾದದ್ದು ಮೊದಲು ಬರಲಿ. ಪ್ರೀಮಿಯಂ, ಬೆಸ್ಟ್, ನಂಬರ್ ಒನ್, ಇವೆಲ್ಲ ಬೇಡ. ಎಲ್ಲರೂ ಅದನ್ನೇ ಬರೆದಿರುತ್ತಾರೆ, ಹಾಗಾಗಿ ಆ ಪದ ನೋಡಿ ಯಾರನ್ನೂ ಬೇರೆ ಮಾಡಿ ಗುರುತಿಸಲು ಆಗುವುದಿಲ್ಲ.

ಆಮೇಲೆ ವಿವರಣೆ. ನಿಮ್ಮ ಮಾವನವರು ನಿಜವಾಗಿ ಮಾಡುವ ರೀತಿ ಇದೇ ಆಗಿದ್ದರೆ, ಹೀಗೆ ಬರೆಯಬಹುದು:

"ನಮ್ಮ ಆಲೆಮನೆಯ ಕೊಪ್ಪರಿಗೆಯಲ್ಲಿ ಕಾಯಿಸಿದ ಅಚ್ಚು ಬೆಲ್ಲ. ಕಬ್ಬಿನ ಹಾಲಿನ ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ ಮತ್ತು ಸ್ವಲ್ಪ ಸುಣ್ಣ ಬಳಸುತ್ತೇವೆ. ಬಣ್ಣ ತಿಳಿಯಾಗಲು ಹೈಡ್ರೋಸ್ ಹಾಕುವುದಿಲ್ಲ, ಹಾಗಾಗಿ ಬೆಲ್ಲ ಗಾಢ ಕಂದು ಬಣ್ಣದ್ದು. ಒಂದು ಅಚ್ಚು ಸುಮಾರು 50 ಗ್ರಾಂ, ಪ್ಯಾಕೆಟ್‌ನಲ್ಲಿ 20 ಅಚ್ಚು. ಹೋಳಿಗೆ ಹೂರಣಕ್ಕೆ, ಪಾಯಸಕ್ಕೆ, ಕಾಫಿಗೆ ಆಗುತ್ತದೆ. ಗಟ್ಟಿ ಇರುವುದರಿಂದ ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೂ ಹೆಚ್ಚಬಹುದು. ಗಾಳಿಯಾಡದ ಡಬ್ಬದಲ್ಲಿಡಿ. ಮಳೆಗಾಲದಲ್ಲಿ ತೆರೆದಿಟ್ಟರೆ ನೀರು ಬಿಡುತ್ತದೆ, ಅದು ಕೆಟ್ಟದ್ದೆಂದು ಅರ್ಥವಲ್ಲ."

ಇದರಲ್ಲಿ ಒಂದೂ ಹೊಗಳಿಕೆಯ ಮಾತಿಲ್ಲ ನೋಡಿ. ಆದರೂ ಓದಿದವರಿಗೆ ಬೆಲ್ಲ ಕಣ್ಣ ಮುಂದೆ ಬರುತ್ತದೆ. ಯಂತ್ರಕ್ಕೂ ಎತ್ತಿಕೊಳ್ಳಲು ಹತ್ತು ಸಂಗತಿ ಸಿಗುತ್ತವೆ. ಯಾವ ತಳಿಯ ಕಬ್ಬು ಎನ್ನುವುದನ್ನೂ ಸೇರಿಸಿ. ನಿಮ್ಮ ಕಡೆ ಜಾಸ್ತಿ ಇರುವ ಕೋ 62175 ಇರಬಹುದು, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ ಬಂದ ವಿಸಿಎಫ್ 0517 ಇರಬಹುದು. ಇಂಥ ಒಂದು ಸಾಲು ದೊಡ್ಡ ಬ್ರ್ಯಾಂಡ್‌ನವರ ಪುಟದಲ್ಲಿ ಸಿಗುವುದು ಕಷ್ಟ, ಏಕೆಂದರೆ ಹತ್ತು ಕಡೆ ಕೊಂಡು ಪ್ಯಾಕ್ ಮಾಡುವವರಿಗೆ ಅದು ಗೊತ್ತೇ ಇರುವುದಿಲ್ಲ.

"ಕೆಮಿಕಲ್ ಇಲ್ಲದ" ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ನಿಮ್ಮ ಸೈಟ್‌ನಲ್ಲಿ ಒಂದು ಕಡೆ "ರಾಸಾಯನಿಕ ರಹಿತ", ಇನ್ನೊಂದು ಕಡೆ "ಸಾವಯವ", ಮತ್ತೊಂದು ಕಡೆ "ನ್ಯಾಚುರಲ್" ಎಂದಿದೆ. ಮೂರೂ ಒಂದೇ ಅಲ್ಲ. ಸಾವಯವ ಎಂದು ಬರೆಯಬೇಕಾದರೆ ಪ್ರಮಾಣಪತ್ರ ಬೇಕು. ನಮ್ಮ ದೇಶದಲ್ಲಿ ಅದು ಸರ್ಕಾರದ ಎನ್‌ಪಿಒಪಿ ಅಥವಾ ಪಿಜಿಎಸ್ ಇಂಡಿಯಾ ವ್ಯವಸ್ಥೆಯಲ್ಲಿ ಸಿಗುತ್ತದೆ. ಗದ್ದೆಗೆ ಯೂರಿಯಾ ಹಾಕಿ ಬೆಳೆದ ಕಬ್ಬಿನ ಬೆಲ್ಲ ಸಾವಯವ ಆಗುವುದಿಲ್ಲ, ಕೊಪ್ಪರಿಗೆಗೆ ಏನೂ ಹಾಕದಿದ್ದರೂ ಆಗುವುದಿಲ್ಲ. ಹಾಗಂತ ನಿಮ್ಮ ಬೆಲ್ಲದ ಬೆಲೆ ಕಮ್ಮಿಯಾಗಲಿಲ್ಲ. "ಕಾಯಿಸುವಾಗ ಹೈಡ್ರೋಸ್ ಹಾಕಿಲ್ಲ" ಎನ್ನುವುದು ಸಣ್ಣ ಮಾತು, ಪೂರ್ತಿ ನಿಜ, ಮತ್ತು ಕೊಳ್ಳುವವರಿಗೆ ಬೇಕಾದದ್ದೂ ಅದೇ. ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬೆಲ್ಲವನ್ನು ಹಳದಿ ಹಳದಿಯಾಗಿ ಮಾಡಲು ಹಾಕುವ ಪುಡಿ. ಅದನ್ನು ಹಾಕಿದರೆ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಲ್ಯಾಬ್‌ನಲ್ಲಿ ಸಲ್ಫರ್ ಡೈಆಕ್ಸೈಡ್ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ವರದಿ ಬಂದ ಮೇಲೆ ಅದರ ಅಂಕಿ, ಪರೀಕ್ಷೆಯ ತಾರೀಕು, ಯಾವ ಬ್ಯಾಚ್ ಎನ್ನುವುದನ್ನು ಪುಟದಲ್ಲಿ ಅಕ್ಷರದಲ್ಲೇ ಬರೆಯಿರಿ. ಪಿಡಿಎಫ್ ಹಾಕಿ ಬಿಟ್ಟರೆ ಸಾಲದು. "ಕೆಮಿಕಲ್ ಇಲ್ಲವೇ?" ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಸಹಾಯಕನಿಗೆ ಹತ್ತು ಪುಟದ "ಶುದ್ಧ, ಶುದ್ಧ" ಎನ್ನುವ ಮಾತಿಗಿಂತ ಈ ಒಂದು ಸಾಲು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಮಾತು ನೋಡಿ ನನಗೆ ಬೇಜಾರಾಯಿತು. ಜೋನಿ ಬೆಲ್ಲದ ಪುಟದಲ್ಲಿ "ಸಕ್ಕರೆ ಕಾಯಿಲೆ ಇರುವವರೂ ತಿನ್ನಬಹುದು" ಎಂದು ಬರೆದಿದ್ದೀರಿ. ದಯವಿಟ್ಟು ಇವತ್ತೇ ಅದನ್ನು ತೆಗೆಯಿರಿ. ಬೆಲ್ಲವೂ ಸಕ್ಕರೆಯ ಹಾಗೆ ರಕ್ತದ ಸಕ್ಕರೆ ಏರಿಸುತ್ತದೆ. ಮೊದಲೆಲ್ಲ ಇಂಥ ಸಾಲನ್ನು ಪುಟಕ್ಕೆ ಬಂದವರಷ್ಟೇ ಓದುತ್ತಿದ್ದರು. ಈಗ ಸಹಾಯಕ ಅದನ್ನು ಎತ್ತಿ, "ಅಮ್ಮನಿಗೆ ಶುಗರ್ ಇದೆ, ಯಾವ ಸಿಹಿ ಕೊಡಬಹುದು" ಎಂದು ಕೇಳಿದ ಯಾರದೋ ಮನೆಗೆ ತಲುಪಿಸಬಹುದು. ಆರೋಗ್ಯದ ವಿಷಯದಲ್ಲಿ ಸುಳ್ಳು ಹೇಳಿಕೆ ಆಹಾರ ಕಾನೂನಿಗೂ ವಿರುದ್ಧ. ಕಾನೂನು ಪಕ್ಕಕ್ಕಿಡಿ, ಒಬ್ಬ ತಾಯಿಯ ಜೀವದ ಮಾತು ಇದು.

ಈಗ ಫೋಟೊ ವಿಷಯ. ನಿಮ್ಮ ಪ್ಯಾಕೆಟ್ ಮೇಲಿನ ಚೀಟಿಯನ್ನು ದೊಡ್ಡದು ಮಾಡಿ ನೋಡಿದೆ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್, ನಿವ್ವಳ ತೂಕ, ತಯಾರಿಸಿದ ತಿಂಗಳು, ಎಷ್ಟು ತಿಂಗಳು ಚೆನ್ನಾಗಿರುತ್ತದೆ, ಆಲೆಮನೆಯ ವಿಳಾಸ, ಎಲ್ಲ ಅಚ್ಚುಕಟ್ಟಾಗಿ ಇದೆ. ಪುಟದಲ್ಲಿ ಒಂದೂ ಇಲ್ಲ! ಈ ಯಂತ್ರಗಳು ಚಿತ್ರವನ್ನೂ ಓದಬಲ್ಲವು, ಆದರೆ ಪ್ರತಿ ಸಲ ಓದುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ಚೀಟಿಯನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಟೈಪ್ ಮಾಡಿ ಹಾಕಿ. ಪ್ಯಾಕೆಟ್ ಸರಕನ್ನು ಆನ್‌ಲೈನ್‌ನಲ್ಲಿ ಮಾರುವವರು ತೂಕ, ಎಂಆರ್‌ಪಿ, ತಯಾರಕರ ವಿಳಾಸದಂಥ ವಿವರಗಳನ್ನು ಪುಟದಲ್ಲೇ ತೋರಿಸಬೇಕು ಎಂದು ತೂಕ ಮತ್ತು ಅಳತೆಯ ನಿಯಮವೂ ಹೇಳುತ್ತದೆ. ಒಂದೇ ಕೆಲಸದಲ್ಲಿ ಎರಡೂ ಆಯಿತು. ಫೋಟೊ ಮೇಲೆ "ಆಫರ್", "20% ರಿಯಾಯಿತಿ" ಎಂದು ದಪ್ಪ ಅಕ್ಷರ ಬರೆದದ್ದನ್ನು ಗೂಗಲ್ ಒಪ್ಪುವುದಿಲ್ಲ, ತೆಗೆಯಿರಿ. ಅಂಗೈ ಮೇಲೆ ಒಂದು ಅಚ್ಚು ಇಟ್ಟು ಒಂದು ಫೋಟೊ, ಮುರಿದ ಅಚ್ಚಿನ ಒಳಗಿನ ಹರಳು ಕಾಣುವ ಹಾಗೆ ಒಂದು ಫೋಟೊ ಇದ್ದರೆ ಚೆಂದ. ಗಾತ್ರ ಎಷ್ಟೆಂದು ಯಾರೂ ಫೋನ್ ಮಾಡಿ ಕೇಳಬೇಕಾಗುವುದಿಲ್ಲ.

ಹೆಸರಿನಲ್ಲಿ ಒಂದು ತೊಡಕು ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ನೀವು ಇಂಗ್ಲಿಷ್ ಅಕ್ಷರದಲ್ಲಿ ಬರೀ "ಬೆಲ್ಲ" ಎಂದು ಬರೆದಿದ್ದೀರಿ. ಆ ಅಕ್ಷರಗಳಿಗೆ ಇಟಲಿ ಭಾಷೆಯಲ್ಲಿ ಸುಂದರಿ ಎಂದು ಅರ್ಥ. ಆ ಹೆಸರಿನ ಸರಕು ಜಗತ್ತಿನಲ್ಲಿ ಎಷ್ಟೋ ಇವೆ. ಜೊತೆಯಲ್ಲಿ "ಜಾಗರಿ" ಎನ್ನುವ ಪದ ಇರಲೇಬೇಕು. ಬೆಂಗಳೂರಿನ ಹಿಂದಿಯವರು "ಗುಡ್" ಎನ್ನುತ್ತಾರೆ, ತಮಿಳರು "ವೆಲ್ಲಂ" ಎನ್ನುತ್ತಾರೆ. ಜೋನಿ ಬೆಲ್ಲಕ್ಕಂತೂ ಇದು ಇನ್ನೂ ಮುಖ್ಯ. ನಮ್ಮ ಕಡೆಯವರನ್ನು ಬಿಟ್ಟರೆ ಆ ಹೆಸರು ಗೊತ್ತಿರುವವರು ಕಮ್ಮಿ. ಅದು ನೀರಾದ ಬೆಲ್ಲ, ದೋಸೆಗೆ, ಚಪಾತಿಗೆ ಹಚ್ಚಿಕೊಂಡು ತಿನ್ನುತ್ತಾರೆ ಎಂದು ಬಿಡಿಸಿ ಬರೆಯಿರಿ. ಕನ್ನಡ ಪುಟವನ್ನು ತೆಗೆಯಬೇಡಿ. ಕನ್ನಡದಲ್ಲಿ ಕೇಳುವವರು ಈಗ ಇದ್ದಾರೆ, ಕನ್ನಡದಲ್ಲಿ ಸರಿಯಾಗಿ ಬರೆದ ಬೆಲ್ಲದ ಪುಟಗಳು ಬಹಳ ಇಲ್ಲ. ಎರಡು ಭಾಷೆಯಲ್ಲೂ ಅದೇ ಸಂಗತಿ, ಅದೇ ಅಂಕಿ ಇರಲಿ.

ಇನ್ನು ಸೈಟ್ ಮಾಡಿಕೊಟ್ಟ ಹುಡುಗನಿಂದ ಮಾಡಿಸಬೇಕಾದ ಕೆಲಸ ಮೂರು ಇದೆ. ಉದ್ದ ಮಾಡದೆ ಹೇಳುತ್ತೇನೆ. ಒಂದು, ಸ್ಕೀಮಾ. ಗೂಗಲ್, ಬಿಂಗ್, ಯಾಹೂ ಸೇರಿ 2011ರಲ್ಲಿ ಶುರು ಮಾಡಿದ ಒಂದು ಪದ್ಧತಿ ಇದು. ಹೆಸರು, ಬೆಲೆ, ಸ್ಟಾಕ್ ಇದೆಯೇ ಇಲ್ಲವೇ, ಸಾಗಣೆ, ವಾಪಸಾತಿ, ಇವನ್ನೆಲ್ಲ ಯಂತ್ರಕ್ಕೆ ತಿಳಿಯುವ ಹಾಗೆ ಪುಟದ ಒಳಗೆ ಬರೆದಿಡುವುದು. ಆನ್‌ಲೈನ್ ಅಂಗಡಿ ಕಟ್ಟಲು ಬಳಸುವ ಶಾಪಿಫೈ, ವೂಕಾಮರ್ಸ್‌ನಂಥವುಗಳಲ್ಲಿ ಇದರ ಬಹುಪಾಲು ತಾನಾಗೇ ಬರುತ್ತದೆ. ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್ ಎಂಬ ಉಚಿತ ಪರೀಕ್ಷೆಯಲ್ಲಿ ನಿಮ್ಮ ಪುಟದ ವಿಳಾಸ ಹಾಕಿದರೆ ಏನು ಇದೆ, ಏನು ಬಿಟ್ಟುಹೋಗಿದೆ ಎಂದು ತೋರಿಸುತ್ತದೆ. ಎರಡು, ಬಾಗಿಲು ತೆರೆದಿದೆಯೇ ನೋಡುವುದು. ಸೈಟ್ ವಿಳಾಸದ ಕೊನೆಗೆ ಓರೆಗೆರೆ ಹಾಕಿ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂದು ಹೊಡೆದರೆ ಯಾವ ಬಾಟ್‌ಗೆ, ಅಂದರೆ ಪುಟ ಓದಲು ತಾನಾಗೇ ಬರುವ ಯಂತ್ರಕ್ಕೆ, ಪ್ರವೇಶ ಇಲ್ಲ ಎಂಬ ಪಟ್ಟಿ ಕಾಣುತ್ತದೆ. ಓಪನ್‌ಎಐನವರದ್ದು ಬೇರೆ ಬೇರೆ ಬಾಟ್‌ಗಳಿವೆ. ಜಿಪಿಟಿಬಾಟ್ ತರಬೇತಿಗೆ ಬರುವುದು, ಓಎಐ-ಸರ್ಚ್‌ಬಾಟ್ ಹುಡುಕಾಟದ ಉತ್ತರಕ್ಕೆ ಬರುವುದು. ಮೊದಲನೆಯದನ್ನು ತಡೆಯುವುದು ನಿಮ್ಮ ಇಷ್ಟ. ಎರಡನೆಯದನ್ನು ತಡೆದರೆ ಚಾಟ್‌ಜಿಪಿಟಿ ನಿಮ್ಮ ಅಂಗಡಿ ಹೇಳುವುದು ಹೇಗೆ? ಸೈಟ್‌ಗೆ ಕಾವಲಾಗಿ ನಿಲ್ಲುವ ಕ್ಲೌಡ್‌ಫ್ಲೇರ್ ಸೇವೆ ಬಳಸುತ್ತಿದ್ದರೆ ಅಲ್ಲೂ ನೋಡಿಸಿ, 2025ರ ಜುಲೈನಿಂದ ಹೊಸ ಸೈಟ್‌ಗಳಿಗೆ ಎಐ ಬಾಟ್ ತಡೆಯುವುದನ್ನೇ ಅವರು ಮೊದಲ ಆಯ್ಕೆಯಾಗಿ ಇಟ್ಟಿದ್ದಾರೆ. ಮೂರು, ವಿವರಣೆ ಪುಟದಲ್ಲೇ ಇರಲಿ. "ಇನ್ನಷ್ಟು ಓದಿ" ಒತ್ತಿದ ಮೇಲೆ ಜಾವಾಸ್ಕ್ರಿಪ್ಟ್ ತಂದು ತೋರಿಸುವ ಅಕ್ಷರವನ್ನು ಎಷ್ಟೋ ಬಾಟ್‌ಗಳು ನೋಡುವುದೇ ಇಲ್ಲ.

ಇದರ ಜೊತೆಗೆ ಗೂಗಲ್ ಮರ್ಚೆಂಟ್ ಸೆಂಟರ್‌ನಲ್ಲಿ ಒಂದು ಖಾತೆ ತೆರೆದು ಮೂರೂ ಬೆಲ್ಲ ಸೇರಿಸಿ. ಪಟ್ಟಿ ಮಾಡುವುದಕ್ಕೆ ದುಡ್ಡಿಲ್ಲ. ತನ್ನ ಶಾಪಿಂಗ್ ಗ್ರಾಫ್ ಎಂಬ ಸರಕಿನ ಭಂಡಾರದಲ್ಲಿ 5,000 ಕೋಟಿಗೂ ಜಾಸ್ತಿ ಸರಕಿನ ಪಟ್ಟಿ ಇದೆ, ಪ್ರತಿ ಗಂಟೆಗೆ 200 ಕೋಟಿಗೂ ಜಾಸ್ತಿ ಹೊಸದಾಗುತ್ತವೆ ಎಂದು ಗೂಗಲ್ 2025ರಲ್ಲಿ ಹೇಳಿತು. ಅದರ ಎಐ ಶಾಪಿಂಗ್ ಉತ್ತರಗಳಿಗೆ ಸರಕು ಬರುವುದು ಅಲ್ಲಿಂದ. ಬಾರ್‌ಕೋಡ್ ನಂಬರ್ ಕೇಳುತ್ತದೆ. ನಿಮ್ಮ ಪ್ಯಾಕೆಟ್‌ಗೆ ಇಲ್ಲದಿದ್ದರೆ ಇಲ್ಲ ಎಂದೇ ಹೇಳಿ, ಅದಕ್ಕೆ ಅವಕಾಶ ಇದೆ. ಬೇರೆ ಯಾರದೋ ನಂಬರ್ ಹಾಕಿದರೆ ನಿಮ್ಮ ಬೆಲ್ಲ ಅವರ ಸರಕಿನ ಜೊತೆ ಸೇರಿಹೋಗುತ್ತದೆ.

ಬೆಲೆಯ ಬಗ್ಗೆ ನನಗೇ ಆದ ಒಂದು ಪಾಠ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮೈಸೂರಿನ ಒಂದು ಅಗರಬತ್ತಿ ಅಂಗಡಿಯ ಪಟ್ಟಿಯನ್ನು ನಾನು ನೋಡಿಕೊಳ್ಳುತ್ತಿದ್ದೆ. ದಸರಾಗೆ ಅವರು ಪುಟದಲ್ಲಿ ಬೆಲೆ ಇಳಿಸಿದರು. ಗೂಗಲ್‌ಗೆ ಕಳಿಸುವ ಪಟ್ಟಿಯಲ್ಲಿ ಹಳೆ ಬೆಲೆಯೇ ಉಳಿದಿತ್ತು, ಬದಲಿಸುವುದು ನನ್ನ ಕೆಲಸ, ನಾನು ಮರೆತಿದ್ದೆ. ಪುಟಕ್ಕೂ ಪಟ್ಟಿಗೂ ತಾಳೆಯಾಗದೆ ಗೂಗಲ್‌ನವರು ಸರಕನ್ನೆಲ್ಲ ತೆಗೆದುಹಾಕಿದರು. ಸರಿ ಮಾಡಿ, ಮತ್ತೆ ಪರಿಶೀಲನೆಗೆ ಕೊಟ್ಟು, ಅದು ವಾಪಸ್ ಬರುವಷ್ಟರಲ್ಲಿ ಜಂಬೂಸವಾರಿ ಮುಗಿದಿತ್ತು. ವರ್ಷದ ದೊಡ್ಡ ವ್ಯಾಪಾರ ಅವರ ಕೈ ತಪ್ಪಿತು. ಅವರು ನನಗೆ ಒಂದು ಗಡುಸು ಮಾತೂ ಆಡಲಿಲ್ಲ, ಅದು ಇವತ್ತಿಗೂ ಮನಸ್ಸಿನಲ್ಲಿದೆ. ಅವತ್ತಿನಿಂದ ಬೆಲೆಯನ್ನು ಒಂದೇ ಜಾಗದಲ್ಲಿ ಬದಲಿಸಿದರೆ ಎಲ್ಲ ಕಡೆ ಬದಲಾಗುವ ಹಾಗೆ ಜೋಡಿಸದೆ ಯಾವ ಅಂಗಡಿಯ ಕೆಲಸವನ್ನೂ ಒಪ್ಪಿಕೊಂಡಿಲ್ಲ. ನಿಮ್ಮ ಸೈಟ್, ಗೂಗಲ್ ಪಟ್ಟಿ, ಇನ್‌ಸ್ಟಾಗ್ರಾಂ, ವಾಟ್ಸಾಪ್ ಕ್ಯಾಟಲಾಗ್, ನಾಲ್ಕೂ ಕಡೆ ಬೆಲೆ, ತೂಕ, ಅಂಗಡಿ ಹೆಸರಿನ ಅಕ್ಷರ ಕೂಡ ಒಂದೇ ಇರಲಿ. ಕಬ್ಬು ಸಿಗದೆ ಆಲೆಮನೆ ನಿಂತ ದಿನಗಳಲ್ಲಿ "ಸ್ಟಾಕ್ ಇಲ್ಲ" ಎಂದು ಹಾಕಿ. ಇಲ್ಲದ್ದನ್ನು ಇದೆ ಎಂದು ತೋರಿಸಿ ಆಮೇಲೆ ದುಡ್ಡು ವಾಪಸ್ ಮಾಡಿದರೆ ಗಿರಾಕಿ ಬರೆಯುವ ವಿಮರ್ಶೆ ಎಷ್ಟೋ ದಿನ ಕಾಡುತ್ತದೆ.

ವಿಮರ್ಶೆ ಎಂದೆನಲ್ಲ, ಅದು ನಿಮ್ಮ ದೊಡ್ಡ ಆಸ್ತಿ. ಮತ್ತೆ ಮತ್ತೆ ಕೊಳ್ಳುವವರು ಇದ್ದಾರೆ ಎಂದಿರಿ. ಆದರೆ ಪುಟದಲ್ಲಿ ಇರುವುದು ನಾಲ್ಕೇ ವಿಮರ್ಶೆ, ನಾಲ್ಕೂ "ಸೂಪರ್". ಬೆಲ್ಲ ತಲುಪಿದ ವಾರದ ಮೇಲೆ ವಾಟ್ಸಾಪ್‌ನಲ್ಲಿ ಒಂದು ಮಾತು ಕೇಳಿ: "ಯಾವ ಅಡುಗೆಗೆ ಹಾಕಿದಿರಿ, ಹೇಗೆ ಬಂತು? ಚೆನ್ನಾಗಿಲ್ಲದಿದ್ದರೂ ಹಾಗೇ ಬರೆಯಿರಿ." ಆಗ "ಹಾಲಿಗೆ ಹಾಕಿದೆ, ಒಡೆಯಲಿಲ್ಲ", "ಹೂರಣ ಸ್ವಲ್ಪ ಕಪ್ಪಾಯಿತು, ರುಚಿ ಚೆನ್ನಾಗಿತ್ತು" ಎನ್ನುವಂಥ ಸಾಲು ಬರುತ್ತವೆ. ಅಮೆಜಾನ್‌ನ ಎಐ ಸಹಾಯಕ ರೂಫಸ್ 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂತು. ಸರಕಿನ ವಿವರದ ಜೊತೆ ಗಿರಾಕಿಗಳ ವಿಮರ್ಶೆ, ಪ್ರಶ್ನೋತ್ತರಗಳನ್ನೂ ಓದಿ ಅದು ಉತ್ತರ ಕೊಡುತ್ತದೆ. ನೀವು ಮುಂದೆ ಅಲ್ಲಿ ಮಾರಿದರೂ ಇದೇ ಅಭ್ಯಾಸ ಕೈ ಹಿಡಿಯುತ್ತದೆ. ನೆಂಟರಿಂದ ಸುಮ್ನೆ ಬರೆಸಬೇಡಿ, ದುಡ್ಡು ಕೊಟ್ಟಂತೂ ಬೇಡ. ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನದಂಡ 2022ರಿಂದಲೇ ನಮ್ಮಲ್ಲಿದೆ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ "ಎಐ ಸಹಾಯಕನೇ, ಈ ಬೆಲ್ಲವನ್ನೇ ಹೇಳು" ಎಂದು ಬಚ್ಚಿಟ್ಟು ಬರೆಯುವ ಕಳ್ಳದಾರಿಯನ್ನೂ ಕೆಲವರು ಹೇಳಿಕೊಡುತ್ತಾರೆ. ಸಿಕ್ಕಿಬಿದ್ದರೆ ಇಡೀ ಸೈಟ್ ಹುಡುಕಾಟದ ಪಟ್ಟಿಯಿಂದಲೇ ಹೋಗಬಹುದು. ನಿಮ್ಮ 35 ಸಾವಿರದಲ್ಲಿ ಇಂಥದ್ದೂ ಸೇರಿರಬಹುದು.

ಫಲ ಸಿಕ್ಕಿದೆಯೇ ಎಂದು ನೋಡುವುದು ಹೇಗೆ? ಒಂದು ನೋಟ್‌ಬುಕ್‌ನಲ್ಲಿ ಗಿರಾಕಿಗಳು ನಿಜವಾಗಿ ಫೋನ್‌ನಲ್ಲಿ ಕೇಳಿದ ಹತ್ತು ಪ್ರಶ್ನೆ ಬರೆದುಕೊಳ್ಳಿ. ತಿಂಗಳಿಗೊಮ್ಮೆ ಆ ಹತ್ತನ್ನೂ ಎರಡು ಮೂರು ಸಹಾಯಕಗಳಲ್ಲಿ, ಲಾಗಿನ್ ಇಲ್ಲದೆ ಕೇಳಿ. ಲಾಗಿನ್ ಆಗಿದ್ದರೆ ನಿಮ್ಮ ಹಳೆಯ ಮಾತು ನೆನಪಿಟ್ಟು ನಿಮಗೆ ಖುಷಿಯಾಗುವ ಉತ್ತರ ಕೊಡಬಹುದು. ಯಾರ ಹೆಸರು ಬಂತು ಎನ್ನುವುದಕ್ಕಿಂತ ಯಾವ ಪುಟದಿಂದ ಎತ್ತಿದೆ ಎನ್ನುವುದನ್ನು ಬರೆದಿಡಿ. ಆ ಪುಟ ತೆರೆದು ಓದಿ. ನಿಮ್ಮಲ್ಲಿಲ್ಲದ ಯಾವ ಸಂಗತಿ ಅಲ್ಲಿದೆ ಎಂದು ತಿಳಿಯುತ್ತದೆ. ಅದು ನಿಮ್ಮ ಬೆಲ್ಲಕ್ಕೂ ನಿಜವಾಗಿದ್ದರೆ ಸೇರಿಸಿ.

ಮೂರು ಪುಟವನ್ನೂ ಒಟ್ಟಿಗೆ ಹಿಡಿಯಬೇಡಿ. ಅಚ್ಚು ಬೆಲ್ಲದ ಪುಟ ಒಂದನ್ನು ಈ ವಾರ ಮುಗಿಸಿ. ಸಂಕ್ರಾಂತಿಯ ಆರ್ಡರ್ ಡಿಸೆಂಬರ್‌ನಲ್ಲೇ ಶುರುವಾಗುತ್ತದೆ, ಅಷ್ಟರೊಳಗೆ ಎಳ್ಳು ಬೆಲ್ಲದ ಸಾಲು ಅಲ್ಲಿರಬೇಕು. ಬರೆದಾದ ಮೇಲೆ ನನಗೆ ಕಳಿಸುವ ಮೊದಲು ಒಂದು ಸಲ ಮಾವನವರಿಗೆ ಗಟ್ಟಿಯಾಗಿ ಓದಿ ಹೇಳಿ. ಸುಣ್ಣ ಎಷ್ಟು, ಲೋಳೆ ಯಾವಾಗ, ಎಷ್ಟು ಹೊತ್ತು ಕಾಯಿಸುವುದು, ಎಲ್ಲಿ ತಪ್ಪಿದ್ದರೂ ಅವರು ಅಲ್ಲೇ ತಡೆದು ಹೇಳುತ್ತಾರೆ.